ಅಚ್ಚಿನ ಬಟ್ಟೆಯಲ್ಲಿ ಬಣ್ಣ ನಿಲ್ಲಬೇಕಾದರೆ: ಯಾವ ಬಟ್ಟೆಗೆ ಯಾವ ದಾರಿ

ಬಟ್ಟೆಗೆ ಅಚ್ಚು ಹಾಕಲು ಕಲಿಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಬಣ್ಣ ಬಿಡದ ಹಾಗೆ ಏನು ಹಾಕಬೇಕು?’ ಪ್ರಶ್ನೆ ಸರಿಯೇ, ಆದರೆ ಕೇಳುವ ಹೊತ್ತಿಗೆ ತಡವಾಗಿರುತ್ತದೆ. ಬಟ್ಟೆ ಕೊಂಡಾಗಿದೆ, ಬಣ್ಣ ಕಲಸಾಗಿದೆ, ಅಚ್ಚೂ ಒತ್ತಾಗಿದೆ. ಈಗ ಮೇಲಿಂದ ಏನೋ ಒಂದು ದ್ರವ ಸುರಿದು ಎಲ್ಲವನ್ನೂ ಸರಿ ಮಾಡಬೇಕು ಎಂದರೆ ಹೇಗೆ? ನೂಲು ಯಾವುದು, ಅದಕ್ಕೆ ಒಗ್ಗುವ ಬಣ್ಣ ಯಾವುದು, ಆ ಬಣ್ಣಕ್ಕೆ ಬೇಕಾದ ಶಾಖ ಅಥವಾ ಹಬೆ ನಿಮ್ಮ ಹತ್ತಿರ ಇದೆಯಾ? ಇವು ಮೊದಲೇ ತೀರ್ಮಾನವಾಗಬೇಕಾದ ವಿಷಯಗಳು.

ಆದ್ದರಿಂದ ಬೇರೆ ಬೇರೆ ದಾರಿಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಇಷ್ಟು: ಬಣ್ಣವನ್ನು ಬಟ್ಟೆಗೆ ಹಿಡಿದಿಡುವುದು ಯಾವುದು? ಪಿಗ್ಮೆಂಟಿನಲ್ಲಿ ಒಂದು ಅಂಟು. ರಿಯಾಕ್ಟಿವ್ ಬಣ್ಣದಲ್ಲಿ ನೂಲಿಗೂ ಬಣ್ಣಕ್ಕೂ ಆಗುವ ರಾಸಾಯನಿಕ ಬೆಸುಗೆ. ರೇಷ್ಮೆ, ಉಣ್ಣೆಗೆ ಹಾಕುವ ಆಸಿಡ್ ಬಣ್ಣದಲ್ಲಿ ವಿದ್ಯುತ್ ಆವೇಶದ ಸೆಳೆತ. ಪಾಲಿಯೆಸ್ಟರಿನಲ್ಲಿ ಬಣ್ಣ ನೂಲಿನೊಳಗೆ ಹೊಕ್ಕು ಅಲ್ಲೇ ಉಳಿದುಬಿಡುತ್ತದೆ. ಗಿಡಮೂಲದ ಬಣ್ಣಗಳಲ್ಲಿ ಪಟಿಕದಂಥ ಲೋಹದ ಉಪ್ಪು ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ. ಇದು ಗೊತ್ತಿದ್ದರೆ ಯಾವುದಕ್ಕೆ ಬಿಸಿ ಬೇಕು, ಯಾವುದಕ್ಕೆ ಹಬೆ ಬೇಕು, ಯಾವುದನ್ನು ಹೇಗೆ ಒಗೆಯಬೇಕು ಎಂಬುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಬಟ್ಟೆಯನ್ನೇ ಕೇಳಿ

ಅಂಗಡಿಯವರು ‘ಕಾಟನ್’ ಎಂದದ್ದನ್ನು ಹಾಗೇ ನಂಬಬೇಡಿ. ಅಂಚಿನಿಂದ ನಾಲ್ಕು ಎಳೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿ, ಲಿನನ್, ವಿಸ್ಕೋಸ್ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆ, ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಕಪ್ಪು ಗುಳ್ಳೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಒತ್ತಿದರೂ ಒಡೆಯುವುದಿಲ್ಲ. ಬೂದಿಯೂ ಮಣಿಯೂ ಎರಡೂ ಕಂಡರೆ ಮಿಶ್ರ ಬಟ್ಟೆ ಎಂದು ಲೆಕ್ಕ.

ಇನ್ನೊಂದು ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸ ಬಟ್ಟೆಯಲ್ಲಿ ಗಂಜಿ, ಎಣ್ಣೆಯ ಅಂಶ, ಮೃದು ಮಾಡುವ ರಾಸಾಯನಿಕ ಇರುತ್ತವೆ. ಬಣ್ಣ ಇವುಗಳ ಮೇಲೆ ಕೂತರೆ ಮೊದಲ ಒಗೆತಕ್ಕೇ ಇವುಗಳ ಜೊತೆ ಹೊರಟುಹೋಗುತ್ತದೆ. ಹತ್ತಿ ಬಟ್ಟೆಯನ್ನು ಬಿಸಿನೀರಲ್ಲಿ ಸ್ವಲ್ಪ ವಾಷಿಂಗ್ ಸೋಡಾ, ಸೋಪು ಹಾಕಿ ಚೆನ್ನಾಗಿ ಒಗೆದು ಒಣಗಿಸಿ. ಆಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ತಕ್ಷಣ ಹೀರಿಕೊಂಡರೆ ಬಟ್ಟೆ ತಯಾರು. ಮುತ್ತಿನ ಹಾಗೆ ಮೇಲೇ ನಿಂತರೆ ಇನ್ನೊಮ್ಮೆ ಒಗೆಯಬೇಕು.

ಪಿಗ್ಮೆಂಟ್: ಸುಲಭದ ದಾರಿ, ಆದರೆ ಶಾಖ ಬಿಡುವಂತಿಲ್ಲ

ಪಿಗ್ಮೆಂಟ್ ನೀರಿನಲ್ಲಿ ಕರಗದ ಸಣ್ಣ ಸಣ್ಣ ಕಣ. ಅದಕ್ಕೆ ಯಾವ ನೂಲಿನ ಮೇಲೂ ಪ್ರೀತಿ ಇಲ್ಲ, ಹಾಗೆಂದು ಯಾವ ನೂಲಿನ ಮೇಲೂ ಜಗಳವೂ ಇಲ್ಲ. ಪೇಸ್ಟಿನಲ್ಲಿರುವ ಬೈಂಡರ್, ಸಾಮಾನ್ಯವಾಗಿ ಆಕ್ರಿಲಿಕ್, ಆ ಕಣಗಳನ್ನು ತೆಳು ಪೊರೆಯಲ್ಲಿ ಸುತ್ತಿ ಬಟ್ಟೆಗೆ ಅಂಟಿಸುತ್ತದೆ. ಹತ್ತಿ, ಪಾಲಿಯೆಸ್ಟರ್, ಮಿಶ್ರ ಬಟ್ಟೆ ಎಲ್ಲಕ್ಕೂ ನಡೆಯುವುದು ಇದೇ ಕಾರಣಕ್ಕೆ. ಅಚ್ಚು ಹಾಕಿದ ಮೇಲೆ ಒಗೆಯುವ ಗೋಜೂ ಇಲ್ಲ, ನೀರಿನ ಖರ್ಚೂ ಕಡಿಮೆ.

ಇಲ್ಲಿ ಎಡವುವುದು ಒಂದೇ ಕಡೆ. ಒಣಗುವುದು ಬೇರೆ, ಪಕ್ವವಾಗುವುದು ಬೇರೆ. ನೆರಳಲ್ಲಿ ಒಂದು ದಿನ ಹಾಕಿದರೆ ನೀರು ಹೋಗುತ್ತದೆ, ಕೈಗೆ ಬಣ್ಣ ಹತ್ತುವುದಿಲ್ಲ, ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಬೈಂಡರಿನ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುವುದು ಶಾಖದಲ್ಲಿ. ಕಾರ್ಖಾನೆಗಳಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 4-5 ನಿಮಿಷ ಕಾಯಿಸುತ್ತಾರೆ. ಮನೆಯಲ್ಲಾದರೆ ಪೂರ್ತಿ ಒಣಗಿದ ಮೇಲೆ, ಹಬೆ ಬಿಡದೆ, ಹತ್ತಿಗೆ ಇಡುವ ಬಿಸಿಯಲ್ಲಿ, ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಬೇಕು. ಒಂದೊಂದು ಜಾಗಕ್ಕೂ ಮೂರರಿಂದ ಐದು ನಿಮಿಷ ಬಿಸಿ ತಾಗಬೇಕು. ಸುಮ್ನೆ ಒಂದು ಸಲ ಎಳೆದರೆ ಏನೂ ಆಗುವುದಿಲ್ಲ. ದೊಡ್ಡ ಬಟ್ಟೆಗೆ ಇದು ತಾಳ್ಮೆ ಬೇಡುವ ಕೆಲಸ. ಹೀಟ್ ಪ್ರೆಸ್ (ಬಿಸಿ ಫಲಕದಿಂದ ಒತ್ತುವ ಯಂತ್ರ) ಇದ್ದರೆ ಶಾಖ ಎಲ್ಲ ಕಡೆ ಒಂದೇ ಸಮ ಸಿಗುತ್ತದೆ. ಪಾಲಿಯೆಸ್ಟರ್ ಇದ್ದರೆ ಬಿಸಿ ಕಡಿಮೆ ಮಾಡಿ, ಹೊತ್ತು ಜಾಸ್ತಿ ಕೊಡಿ. ಕಡಿಮೆ ಶಾಖದಲ್ಲೇ ಬೈಂಡರನ್ನು ಹೆಣೆಯುವ ಫಿಕ್ಸರ್‌ಗಳೂ ಸಿಗುತ್ತವೆ. ಅವನ್ನು ಪೇಸ್ಟಿಗೇ ಬೆರೆಸಬೇಕು, ಅಚ್ಚಾದ ಮೇಲೆ ಬಟ್ಟೆಗೆ ಬಳಿಯುವುದಲ್ಲ. ಬೆರೆಸಿದ ಪೇಸ್ಟನ್ನು ನಾಳೆಗೆ ಎತ್ತಿಡುವಂತೆಯೂ ಇಲ್ಲ.

ಬೈಂಡರ್ ಕಡಿಮೆಯಾದರೆ ಬಣ್ಣ ಉಜ್ಜಿ ಹೋಗುತ್ತದೆ. ಜಾಸ್ತಿಯಾದರೆ ಅಚ್ಚಿನ ಜಾಗ ಬಿರುಸಾಗುತ್ತದೆ. ಗಾಢ ನೀಲಿ, ಕಪ್ಪು, ಕಡು ಕೆಂಪಿಗೆ ಕಣ ಜಾಸ್ತಿ ಬೇಕು, ಕಣ ಜಾಸ್ತಿಯಾದರೆ ಬೈಂಡರೂ ಜಾಸ್ತಿ ಬೇಕು. ಅದಕ್ಕೇ ಪಿಗ್ಮೆಂಟಿನ ತಿಳಿ ಬಣ್ಣದ ಸಣ್ಣ ಬುಟ್ಟಾ ಚೆನ್ನಾಗಿ ಬಾಳುತ್ತದೆ, ಮೈತುಂಬ ಕಡು ಬಣ್ಣ ತುಂಬಿದ ಬಟ್ಟೆ ಅಷ್ಟು ಬಾಳುವುದಿಲ್ಲ. ಬಿಸಿಲಿಗೆ ಮಾತ್ರ ಒಳ್ಳೆಯ ಪಿಗ್ಮೆಂಟುಗಳು ಚೆನ್ನಾಗಿ ತಡೆಯುತ್ತವೆ. ಪರದೆ, ದಿಂಬಿನ ಕವರ್, ಚೀಲಗಳಿಗೆ ಇದು ಒಪ್ಪುವ ಆಯ್ಕೆ.

ರಿಯಾಕ್ಟಿವ್: ಹತ್ತಿಗೆ ನನ್ನ ಮೊದಲ ಆಯ್ಕೆ

1956ರಲ್ಲಿ ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐ ಪ್ರೋಸಿಯಾನ್ ಹೆಸರಲ್ಲಿ ಹತ್ತಿಗೆ ಮೊದಲ ರಿಯಾಕ್ಟಿವ್ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಮುಂಚೆ ಹತ್ತಿಯ ಮೇಲೆ ಹೊಳಪು ಬೇಕೆಂದರೆ ಗಟ್ಟಿತನ ಬಿಡಬೇಕಿತ್ತು, ಗಟ್ಟಿತನ ಬೇಕೆಂದರೆ ಕಷ್ಟದ ಕೆಲಸಕ್ಕೆ ಕೈ ಹಾಕಬೇಕಿತ್ತು. ರಿಯಾಕ್ಟಿವ್ ಬಣ್ಣದ ಅಣು ಕ್ಷಾರದ ಸಹಾಯದಿಂದ ಹತ್ತಿಯ ಸೆಲ್ಯುಲೋಸ್ ಜೊತೆ ಕೋವೇಲೆಂಟ್ ಬಂಧ ಕಟ್ಟಿಕೊಳ್ಳುತ್ತದೆ. ಅಂದರೆ ಬಣ್ಣ ನೂಲಿನ ಮೇಲೆ ಕೂತಿರುವುದಿಲ್ಲ, ನೂಲಿನ ಭಾಗವೇ ಆಗಿರುತ್ತದೆ. ಅಚ್ಚಿನ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಪಿಗ್ಮೆಂಟ್ ಆದರೆ ಸಣ್ಣ ಉಬ್ಬು ಬೆರಳಿಗೆ ಸಿಗುತ್ತದೆ, ಬಟ್ಟೆಯ ಹಿಂಬದಿ ಬಿಳಚಿಕೊಂಡಿರುತ್ತದೆ. ರಿಯಾಕ್ಟಿವ್ ಆದರೆ ಬಣ್ಣ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ಸ್ಪರ್ಶದಲ್ಲಿ ವ್ಯತ್ಯಾಸವೇ ಇಲ್ಲ, ತೆಳು ಬಟ್ಟೆಯಲ್ಲಿ ಹಿಂಬದಿಗೂ ಬಣ್ಣ ಇಳಿದಿರುತ್ತದೆ. ಮೈಗೆ ತಾಗುವ ಬಟ್ಟೆಗೆ ಈ ಮೆದುತನ ಎಷ್ಟು ಮುಖ್ಯ ಅಲ್ವಾ?

ಪೇಸ್ಟಿನಲ್ಲಿ ಬಣ್ಣದ ಜೊತೆ ಮುಖ್ಯವಾಗಿ ಮೂರು ವಸ್ತು ಇರುತ್ತವೆ. ಯೂರಿಯಾ ತೇವ ಹಿಡಿದುಕೊಂಡು ಬಣ್ಣ ಕರಗಲು ನೆರವಾಗುತ್ತದೆ. ಕಿಲೋ ಪೇಸ್ಟಿಗೆ 100ರಿಂದ 200 ಗ್ರಾಂ ವಾಡಿಕೆ. ಕ್ಷಾರಕ್ಕೆ ಸೋಡಿಯಂ ಬೈಕಾರ್ಬೊನೇಟ್ ಅಥವಾ ವಾಷಿಂಗ್ ಸೋಡಾ. ಗಟ್ಟಿ ಮಾಡಲು ಸೋಡಿಯಂ ಆಲ್ಜಿನೇಟ್, ಅಂದರೆ ಕಡಲ ಪಾಚಿಯಿಂದ ತೆಗೆದ ಅಂಟು. ಆಲ್ಜಿನೇಟ್ ಬದಲು ಪಿಷ್ಟದ ಗಂಜಿ ಹಾಕಿದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಪಿಷ್ಟವೂ ಸೆಲ್ಯುಲೋಸಿನ ದಾಯಾದಿಯೇ. ಬಣ್ಣ ಬಟ್ಟೆಯನ್ನು ಬಿಟ್ಟು ಗಂಜಿಗೇ ಬೆಸೆದುಕೊಳ್ಳುತ್ತದೆ. ಬಣ್ಣ ಪೋಲಾಗುವುದು ಒಂದು ಕಡೆ, ಆ ಗಂಜಿ ಬಟ್ಟೆಯಿಂದ ಬಿಡದೆ ಬಿರುಸಾಗಿ ಉಳಿಯುವುದು ಇನ್ನೊಂದು ಕಡೆ. ಆಲ್ಜಿನೇಟಿನಲ್ಲಿರುವ ಋಣ ಆವೇಶ ಬಣ್ಣವನ್ನು ದೂರ ಇಡುತ್ತದೆ, ಆದ್ದರಿಂದ ಒಗೆದಾಗ ಸಲೀಸಾಗಿ ಹೋಗುತ್ತದೆ.

ಇನ್ನು ಬಣ್ಣವನ್ನು ಕಚ್ಚಿಸುವ ವಿಧಾನ. ಇಲ್ಲಿ ನಿಮಗೆ ನಾಲ್ಕು ಆಯ್ಕೆಗಳಿವೆ.

ಹಬೆ ಇವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರ್ಖಾನೆಯ ಸ್ಟೀಮರಿನಲ್ಲಿ 100-102 ಡಿಗ್ರಿಯಲ್ಲಿ 10 ನಿಮಿಷದೊಳಗೆ ಮುಗಿಯುತ್ತದೆ. ಮನೆಯ ಪಾತ್ರೆಯಲ್ಲಿ ಹಬೆ ಒಳಮಡಿಕೆಗಳಿಗೆ ಮುಟ್ಟಲು ಹೊತ್ತು ಹಿಡಿಯುವುದರಿಂದ 20-30 ನಿಮಿಷ ಇಡುವುದು ಕ್ಷೇಮ. ಒಣಗಿದ ಅಚ್ಚಿನ ಮೇಲೆ ಅಚ್ಚಿಲ್ಲದ ಕಾಗದ ಅಥವಾ ಬಿಳಿ ಹತ್ತಿ ಬಟ್ಟೆ ಹಾಸಿ, ಬಣ್ಣಕ್ಕೆ ಬಣ್ಣ ತಾಗದಂತೆ ಸಡಿಲವಾಗಿ ಸುರುಳಿ ಸುತ್ತಬೇಕು. ಸುರುಳಿ ನೀರಿಗೂ ತಾಗಬಾರದು, ಪಾತ್ರೆಯ ಗೋಡೆಗೂ ತಾಗಬಾರದು. ದೊಡ್ಡ ಶತ್ರು ಮುಚ್ಚಳದಿಂದ ತೊಟ್ಟಿಕ್ಕುವ ಹನಿ. ಒಂದು ಹನಿ ಬಿದ್ದರೆ ಸಾಕು, ಗೆರೆಯ ಅಂಚು ಹರಡಿ ಸುತ್ತ ಮಬ್ಬು ಉಂಗುರ ಮೂಡುತ್ತದೆ. ಆಮೇಲೆ ಅದು ಜನ್ಮಕ್ಕೂ ಹೋಗುವುದಿಲ್ಲ, ಏಕೆಂದರೆ ಹರಡಿದ ಬಣ್ಣವೂ ಅಷ್ಟೇ ಗಟ್ಟಿಯಾಗಿ ಕಚ್ಚಿರುತ್ತದೆ! ಮುಚ್ಚಳದ ಕೆಳಗೆ ದಪ್ಪ ಟವೆಲ್ ಕಟ್ಟಿ, ಸುರುಳಿಯ ಮೇಲೆ ಅಲ್ಯೂಮಿನಿಯಂ ಹಾಳೆಯ ಚಪ್ಪರ ಹಾಕಿ. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಹಬೆಯ ವ್ಯವಸ್ಥೆ ಇಲ್ಲದವರಿಗೆ ತಣ್ಣನೆಯ ದಾರಿ ಇದೆ. ಎಂಎಕ್ಸ್ ಎಂದು ಗುರುತು ಇರುವ ರಿಯಾಕ್ಟಿವ್ ಬಣ್ಣಗಳು ಕೋಣೆಯ ಬೆಚ್ಚಗಿನಲ್ಲೇ ಕಚ್ಚುತ್ತವೆ. ಅಚ್ಚು ಹಾಕಿ, ಒಣಗುವ ಮುಂಚೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, 20 ಡಿಗ್ರಿಗಿಂತ ಬೆಚ್ಚಗಿರುವ ಜಾಗದಲ್ಲಿ ಒಂದು ದಿನ ಬಿಡಬೇಕು. ಇಲ್ಲಿ ಕೆಲಸ ಮಾಡುವುದು ತೇವ. ಪೇಸ್ಟ್ ಒಣಗಿದ ಕ್ಷಣ ಕೆಲಸ ನಿಲ್ಲುತ್ತದೆ. ಇದರ ತೊಂದರೆಯೂ ಅದರ ಗುಣದಲ್ಲೇ ಇದೆ: ಅಷ್ಟು ಚುರುಕಾದ ಬಣ್ಣ ಡಬ್ಬಿಯಲ್ಲಿ ನೀರಿನ ಜೊತೆಗೂ ವರ್ತಿಸುತ್ತಾ ಸತ್ವ ಕಳೆದುಕೊಳ್ಳುತ್ತದೆ. ಸೋಡಾ ಬೆರೆಸಿದ ಪೇಸ್ಟನ್ನು ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಬೈಕಾರ್ಬೊನೇಟ್ ಹಾಕಿದ ಪೇಸ್ಟ್ ಜಾಸ್ತಿ ಹೊತ್ತು ಬಾಳುತ್ತದೆ, ಏಕೆಂದರೆ ಅದು ಹಬೆಯ ಬಿಸಿ ತಾಗಿದ ಮೇಲೆ ತಾನೇ ಗಟ್ಟಿ ಕ್ಷಾರವಾಗಿ ಬದಲಾಗುತ್ತದೆ.

ಮೂರನೆಯದು ಒಣ ಶಾಖ. ಯೂರಿಯಾ ಜಾಸ್ತಿ ಹಾಕಿ, 150 ಡಿಗ್ರಿಯಲ್ಲಿ ಐದು ನಿಮಿಷ. ಬೇಗ ಆಗುತ್ತದೆ, ಆದರೆ ಅಣು ದೊಡ್ಡದಿರುವ ಟರ್ಕಾಯ್ಸ್‌ನಂಥ ಬಣ್ಣಗಳು ಹಬೆಯಲ್ಲಿ ಬಂದಷ್ಟು ತುಂಬಿ ಬರುವುದಿಲ್ಲ. ನಾಲ್ಕನೆಯದು ಸೋಡಿಯಂ ಸಿಲಿಕೇಟ್: ಕ್ಷಾರವಿಲ್ಲದ ಪೇಸ್ಟಿನಲ್ಲಿ ಅಚ್ಚು ಹಾಕಿ, ಒಣಗಿಸಿ, ಮೇಲೆ ಕ್ಷಾರವಾಗಿ ಕೆಲಸ ಮಾಡುವ ಸಿಲಿಕೇಟ್ ದ್ರವ ಬಳಿದು, ಪ್ಲಾಸ್ಟಿಕ್ ಮುಚ್ಚಿ ಕೆಲವು ಗಂಟೆ ಬಿಡುವುದು. ಪೇಸ್ಟ್ ಕೆಡುವ ಚಿಂತೆ ಇಲ್ಲ. ಆದರೆ ಬಳಿಯುವಾಗ ಸಣ್ಣ ಗೆರೆ ಕದಡುವ ಭಯ ಇದೆ, ಸಿಲಿಕೇಟ್ ಬಟ್ಟೆಯ ಮೇಲೆ ಒಣಗಿದರೆ ಗಾಜಿನ ಹಾಗೆ ಗಟ್ಟಿಯಾಗಿ ತೊಳೆಯುವುದೂ ಪ್ರಯಾಸ. ದಪ್ಪ ವಿನ್ಯಾಸಕ್ಕೆ ಮಾತ್ರ ಇದನ್ನು ಆರಿಸುತ್ತೇನೆ.

ಎಷ್ಟೇ ಚೆನ್ನಾಗಿ ಕಚ್ಚಿಸಿದರೂ ಸ್ವಲ್ಪ ಬಣ್ಣ ಬಟ್ಟೆಯ ಬದಲು ನೀರಿನ ಜೊತೆ ವರ್ತಿಸಿ ಮುಗಿದಿರುತ್ತದೆ. ಅದು ಇನ್ನು ನೂಲಿಗೆ ಬೆಸೆಯುವುದಿಲ್ಲ, ಸುಮ್ಮನೆ ನೂಲಿನ ಸಂದಿಯಲ್ಲಿ ಕೂತಿರುತ್ತದೆ. ‘ರಿಯಾಕ್ಟಿವ್ ಬಣ್ಣ ಬಿಡುತ್ತದೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ತೊಳೆಯದೆ ಉಳಿದ ಈ ಬಣ್ಣ. ತೊಳೆಯುವ ಕ್ರಮವೂ ಮುಖ್ಯ. ಮೊದಲು ಧಾರಾಳ ತಣ್ಣೀರು, ಕ್ಷಾರವೂ ಅಂಟೂ ಹೋಗುವ ತನಕ. ಆಮೇಲೆ ಬಿಸಿನೀರು. ಕೊನೆಗೆ ಕುದಿಗೆ ಹತ್ತಿರದ ನೀರಿನಲ್ಲಿ ಸೋಪು ಹಾಕಿ ಹತ್ತು ನಿಮಿಷ. ಮೊದಲೇ ಬಿಸಿನೀರಿಗೆ ಹಾಕಿದರೆ ಕ್ಷಾರ ಇನ್ನೂ ಇರುವುದರಿಂದ, ಬಿಟ್ಟ ಬಣ್ಣ ಬಿಳಿ ಜಾಗಕ್ಕೆ ಹತ್ತಿಕೊಳ್ಳುತ್ತದೆ. ಬಟ್ಟೆಯನ್ನು ಮಡಚಿ ಗುಡ್ಡೆ ಹಾಕದೆ ಆಡಿಸುತ್ತಾ ಇರಬೇಕು. ಬಿಸಿನೀರಲ್ಲಿ ನೆನೆಸಿ ಹಿಂಡಿದ ನೀರು ತಿಳಿಯಾಗಿದ್ದರೆ ಮುಗಿಯಿತು.

ಹಾಗಾದರೆ ಹತ್ತಿಗೆ ಪಿಗ್ಮೆಂಟೋ ರಿಯಾಕ್ಟಿವೋ? ನೀರು ಕಡಿಮೆ, ಜಾಗ ಕಡಿಮೆ, ತಿಳಿ ಬಣ್ಣದ ಸಣ್ಣ ವಿನ್ಯಾಸ ಎಂದಾದರೆ ಪಿಗ್ಮೆಂಟ್. ಗಾಢ ಬಣ್ಣ, ಪದೇ ಪದೇ ಒಗೆಯುವ ಉಡುಪು, ಮಗುವಿನ ಬಟ್ಟೆ ಎಂದಾದರೆ ರಿಯಾಕ್ಟಿವ್, ಎರಡು ಮಾತಿಲ್ಲ. ಆದರೆ ಬಣ್ಣದ ನೀರನ್ನು ಎಲ್ಲಿ ಬಿಡುತ್ತೀರಿ ಎಂದು ಮೊದಲೇ ಯೋಚಿಸಿ. ಬಾವಿ, ಕೆರೆ, ಹಳ್ಳಕ್ಕೆ ಅದು ಸೇರಬಾರದು. ಪುಡಿ ಬಣ್ಣ ತೂಗುವಾಗ, ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ. ರಿಯಾಕ್ಟಿವ್ ಪುಡಿ ಉಸಿರಿನಲ್ಲಿ ಹೋದರೆ ಕೆಲವರಿಗೆ ಅಲರ್ಜಿ, ಆಸ್ತಮಾ ಶುರುವಾಗಿ ಅದು ಮುಂದೆಯೂ ಕಾಡುತ್ತದೆ. ಒಂದು ಸಲಕ್ಕೆ ಏನಾಗುತ್ತೆ ಅನ್ನಬೇಡಿ.

ರೇಷ್ಮೆ ಮತ್ತು ಉಣ್ಣೆ

ಇವು ಪ್ರೋಟೀನ್ ನೂಲು. ವಾಷಿಂಗ್ ಸೋಡಾದಂಥ ಗಟ್ಟಿ ಕ್ಷಾರ ಇವಕ್ಕೆ ಆಗಿಬರುವುದಿಲ್ಲ: ರೇಷ್ಮೆಯ ಹೊಳಪು ಹೋಗುತ್ತದೆ, ಉಣ್ಣೆ ಹಾಳಾಗುತ್ತದೆ. ಆಸಿಡ್ ಬಣ್ಣಗಳೇ ಸಹಜ ಜೋಡಿ. ಆಮ್ಲದ ವಾತಾವರಣದಲ್ಲಿ ನೂಲಿಗೆ ಧನ ಆವೇಶ ಬರುತ್ತದೆ, ಋಣ ಆವೇಶದ ಬಣ್ಣ ಅದಕ್ಕೆ ಅಂಟಿಕೊಳ್ಳುತ್ತದೆ. ಪೇಸ್ಟಿಗೆ ಅಮೋನಿಯಂ ಸಲ್ಫೇಟ್ ಅಥವಾ ಸಿಟ್ರಿಕ್ ಆಮ್ಲ ಸೇರಿಸಿ, ಅಚ್ಚು ಒಣಗಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಹಬೆಯಲ್ಲಿಡಬೇಕು. ಇಲ್ಲಿ ಹಬೆಗೆ ಬದಲಿ ಇಲ್ಲ, ಇಸ್ತ್ರಿಯಿಂದ ಆಗುವ ಕೆಲಸ ಅಲ್ಲ. ಬಣ್ಣಗಳ ಹೊಳಪು ಅದ್ಭುತ. ಆದರೆ ಈ ಸೆಳೆತ ರಿಯಾಕ್ಟಿವ್ ಬೆಸುಗೆಯಷ್ಟು ಗಟ್ಟಿ ಅಲ್ಲ. ತಣ್ಣೀರಲ್ಲಿ ಮೆದು ಸೋಪಿನಿಂದ ಒಗೆಯುವ ವಸ್ತ್ರಕ್ಕೆ ಸಾಕು. ರೇಷ್ಮೆಯನ್ನು ಜಾಸ್ತಿ ಒಗೆಯಬೇಕಾಗಿದ್ದರೆ ರಿಯಾಕ್ಟಿವ್ ಬಣ್ಣವನ್ನು ಬೈಕಾರ್ಬೊನೇಟ್ ಜೊತೆ ಹಬೆಯಲ್ಲಿ ಕಚ್ಚಿಸಬಹುದು. ನೈಲಾನ್ ಕೃತಕ ನೂಲಾದರೂ ಆಸಿಡ್ ಬಣ್ಣವನ್ನೇ ಇಷ್ಟಪಡುತ್ತದೆ.

ಪಾಲಿಯೆಸ್ಟರ್

ನೀರನ್ನು ಹತ್ತಿರ ಸೇರಿಸದ ನೂಲು ಇದು. ರಿಯಾಕ್ಟಿವ್, ಆಸಿಡ್ ಎರಡೂ ಇಲ್ಲಿ ವ್ಯರ್ಥ. ಡಿಸ್ಪರ್ಸ್ ಬಣ್ಣ (ನೀರಿನಲ್ಲಿ ಕರಗದೆ ನುಣ್ಣನೆಯ ಕಣವಾಗಿ ಹರಡಿಕೊಳ್ಳುವ ಬಣ್ಣ) ಮಾತ್ರ ಒಳಗೆ ಹೋಗುತ್ತದೆ, ಅದೂ ಜೋರು ಶಾಖದಲ್ಲಿ. ಕಾಗದದ ಮೇಲೆ ವಿನ್ಯಾಸ ಮುದ್ರಿಸಿ ಹೀಟ್ ಪ್ರೆಸ್ಸಿನಲ್ಲಿ ಸುಮಾರು 200 ಡಿಗ್ರಿಯಲ್ಲಿ ಒಂದು ನಿಮಿಷದೊಳಗೆ ಒತ್ತುವುದು ಸಬ್ಲಿಮೇಷನ್. ಬಣ್ಣ ಆವಿಯಾಗಿ ಸಡಿಲಗೊಂಡ ನೂಲಿನೊಳಗೆ ನುಗ್ಗುತ್ತದೆ. ತಣಿದಾಗ ನೂಲು ಬಿಗಿಯಾಗಿ ಬಣ್ಣ ಒಳಗೇ ಉಳಿಯುತ್ತದೆ. ಒಗೆಯುವುದು ಬೇಕಿಲ್ಲ, ಸ್ಪರ್ಶ ಬದಲಾಗುವುದಿಲ್ಲ. ಎರಡು ಮಿತಿಗಳಿವೆ. ಬಟ್ಟೆ ಬಿಳಿ ಅಥವಾ ತಿಳಿ ಬಣ್ಣದ್ದಾಗಿರಬೇಕು. ಮತ್ತು ಹತ್ತಿ ಬೆರೆತಷ್ಟೂ ವಿನ್ಯಾಸ ಮಂಕಾಗುತ್ತದೆ, ಏಕೆಂದರೆ ಹತ್ತಿಯ ಎಳೆ ಈ ಬಣ್ಣವನ್ನು ಉಳಿಸಿಕೊಳ್ಳುವುದಿಲ್ಲ. ಅರ್ಧಕ್ಕರ್ಧ ಮಿಶ್ರ ಬಟ್ಟೆ ಇದ್ದರೆ ಪಿಗ್ಮೆಂಟಿಗೆ ಹೋಗಿ.

ಪಟಿಕ, ಕಬ್ಬಿಣ ಮತ್ತು ಗಿಡದ ಬಣ್ಣಗಳು

ಇಲ್ಲಿ ಕೆಲಸದ ಕ್ರಮವೇ ಬೇರೆ. ಸಾಮಾನ್ಯವಾಗಿ ಬಟ್ಟೆಗೆ ಒತ್ತುವುದು ಬಣ್ಣವನ್ನಲ್ಲ, ಬಣ್ಣ ಹಿಡಿಸುವ ಲೋಹದ ಉಪ್ಪನ್ನು. ಹತ್ತಿ ಪಟಿಕವನ್ನು ತಾನಾಗಿ ಚೆನ್ನಾಗಿ ಹಿಡಿಯುವುದಿಲ್ಲ, ಆದ್ದರಿಂದ ಮೊದಲು ಅಳಲೆಕಾಯಿಯಂಥ ಒಗರಿನ ಕಷಾಯದಲ್ಲಿ ಅದ್ದಿ ಒಣಗಿಸುತ್ತಾರೆ. ಆಮೇಲೆ ಗೋಂದಿನಲ್ಲಿ ಕಲಸಿದ ಪಟಿಕದ ಅಚ್ಚು ಒಂದು ಕಡೆ, ಕಬ್ಬಿಣದ ನೀರಿನ ಅಚ್ಚು ಇನ್ನೊಂದು ಕಡೆ. ಒಂದೆರಡು ದಿನ ಹಾಗೇ ಬಿಟ್ಟು, ತೊಳೆದು, ಮಂಜಿಷ್ಠದ ಬಿಸಿ ಕಷಾಯಕ್ಕೆ ಇಳಿಸುತ್ತಾರೆ. ಒಂದೇ ಕಡಾಯಿಯಿಂದ ಪಟಿಕ ಇದ್ದ ಜಾಗ ಕೆಂಪಾಗಿ, ಕಬ್ಬಿಣ ಇದ್ದ ಜಾಗ ಕಪ್ಪಾಗಿ ಏಳುತ್ತದೆ. ಬಿಳಿ ಜಾಗಕ್ಕೆ ಹತ್ತಿದ ತಿಳಿ ಬಣ್ಣ ತೊಳೆದು ಬಿಸಿಲಿಗೆ ಹಾಕಿದಾಗ ಕಳೆಯುತ್ತದೆ. ಕಣ್ಣೆದುರೇ ಇದು ನಡೆಯುವುದನ್ನು ನೋಡುವ ಸಂತೋಷ ಬೇರೆ ಯಾವ ವಿಧಾನದಲ್ಲೂ ನನಗೆ ಸಿಕ್ಕಿಲ್ಲ.

ಆದರೆ ಗಿಡದ ಬಣ್ಣ ಎಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಪಟಿಕದ ಜೊತೆ ಮಂಜಿಷ್ಠದ ಕೆಂಪು ತಲೆಮಾರುಗಟ್ಟಲೆ ಬಾಳುತ್ತದೆ. ಅರಿಶಿನದ ಬಣ್ಣ ಮಾತ್ರ, ಪಟಿಕ ಹಾಕಿದರೂ, ಬಿಸಿಲಿಗೆ ನಿಲ್ಲುವುದಿಲ್ಲ. ಕಬ್ಬಿಣ ಜಾಸ್ತಿಯಾದರೆ ಬಣ್ಣ ಉಳಿದರೂ ವರ್ಷಗಳು ಕಳೆದ ಹಾಗೆ ಅದೇ ಜಾಗದಲ್ಲಿ ಬಟ್ಟೆ ಸವೆಯುತ್ತದೆ. ಸಮಯ, ನೀರು, ಶ್ರದ್ಧೆ ಮೂರೂ ಇದ್ದವರು ಮಾತ್ರ ಈ ದಾರಿ ಹಿಡಿಯಿರಿ.

ಉಪ್ಪು, ವಿನಿಗರ್ ಮತ್ತು ಬಾಟಲಿಯ ಫಿಕ್ಸರ್

ಬಣ್ಣ ಬಿಡುವ ಬಟ್ಟೆಯನ್ನು ಉಪ್ಪುನೀರಲ್ಲಿ ಅಥವಾ ವಿನಿಗರಿನಲ್ಲಿ ನೆನೆ ಹಾಕಿ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಉಪ್ಪು ಬಣ್ಣದ ತೊಟ್ಟಿಯಲ್ಲಿ ಬಣ್ಣವನ್ನು ನೂಲಿನ ಕಡೆ ತಳ್ಳಲು ನೆರವಾಗುತ್ತದೆ ನಿಜ. ಆದರೆ ಅಚ್ಚು ಹಾಕಿ ಮುಗಿದ ಬಟ್ಟೆಯಲ್ಲಿ ಅದು ಯಾವ ಬಂಧವನ್ನೂ ಕಟ್ಟುವುದಿಲ್ಲ. ಉಪ್ಪುನೀರಲ್ಲಿ ಇರುವ ತನಕ ಬಣ್ಣ ಕಡಿಮೆ ಬಿಟ್ಟ ಹಾಗೆ ಕಾಣುತ್ತದೆ, ಮುಂದಿನ ಒಗೆತಕ್ಕೆ ಮತ್ತೆ ಅದೇ ಕತೆ. ವಿನಿಗರ್ ಆಮ್ಲ, ಆದ್ದರಿಂದ ರೇಷ್ಮೆ, ಉಣ್ಣೆಗೆ ಆಸಿಡ್ ಬಣ್ಣ ಹಾಕುವಾಗ ಅದಕ್ಕೆ ಅರ್ಥವಿದೆ. ಹತ್ತಿಯ ಮೇಲಿನ ರಿಯಾಕ್ಟಿವ್ ಬಣ್ಣಕ್ಕೆ ಬೇಕಾದದ್ದು ಕ್ಷಾರ. ಅಚ್ಚು ಒತ್ತಿದ ಕೂಡಲೇ ವಿನಿಗರ್ ಹಾಕಿದರೆ ಆ ಕ್ಷಾರವೇ ಸತ್ತು ಬಣ್ಣ ಕಚ್ಚುವ ಕೆಲಸ ನಿಂತುಹೋಗುತ್ತದೆ.

ಬಾಟಲಿಯಲ್ಲಿ ಬರುವ ಡೈ ಫಿಕ್ಸರ್‌ಗಳಲ್ಲಿ ಹೆಚ್ಚಿನವು ಧನ ಆವೇಶದ ರಾಸಾಯನಿಕಗಳು. ಸಡಿಲವಾಗಿ ಕೂತ ಬಣ್ಣದ ಜೊತೆ ಸೇರಿ ಅದನ್ನು ನೀರಿನಲ್ಲಿ ಕರಗದಂತೆ ಮಾಡುತ್ತವೆ. ಡೈರೆಕ್ಟ್ ಬಣ್ಣ (ರಾಸಾಯನಿಕ ಬೆಸುಗೆಯಿಲ್ಲದೆ ನೇರವಾಗಿ ನೂಲಿಗೆ ಹತ್ತುವ ಬಣ್ಣ) ಹಾಕಿದ ಹತ್ತಿಗೆ ಇದರಿಂದ ನಿಜಕ್ಕೂ ಅನುಕೂಲ. ತಕ್ಕ ಮಟ್ಟಿಗೆ ರಿಯಾಕ್ಟಿವ್ ಬಟ್ಟೆಯ ಉಳಿದ ಬಣ್ಣವನ್ನೂ ತಡೆಯುತ್ತವೆ, ಆದರೆ ಛಾಯೆ ಸ್ವಲ್ಪ ಬದಲಾಗಬಹುದು, ಬಿಸಿಲಿಗೆ ತಡೆಯುವ ಶಕ್ತಿ ಕಡಿಮೆಯಾಗಬಹುದು. ಸರಿಯಾಗಿ ಕಚ್ಚಿಸಿ, ಸರಿಯಾಗಿ ತೊಳೆದ ಬಟ್ಟೆಗೆ ಇದು ಬೇಡ. ಪಿಗ್ಮೆಂಟ್ ಉದುರುತ್ತಿದ್ದರೆ ಇದರಿಂದ ಪ್ರಯೋಜನವಿಲ್ಲ. ಅಲ್ಲಿ ಕೊರತೆ ಇರುವುದು ಬೈಂಡರಿನಲ್ಲಿ ಅಥವಾ ಶಾಖದಲ್ಲಿ. ಶಾಖದ ಕೊರತೆಯಾದರೆ ಮತ್ತೊಮ್ಮೆ ಕಾಯಿಸಿದರೆ ಸರಿಹೋಗುತ್ತದೆ.

ಇಡೀ ಬಟ್ಟೆಗೆ ಇಳಿಯುವ ಮುಂಚೆ

ಅದೇ ಬಟ್ಟೆ, ಅದೇ ಪೇಸ್ಟಿನಲ್ಲಿ ಅಂಗೈಯಗಲದ ತುಂಡುಗಳಿಗೆ ಅಚ್ಚು ಹಾಕಿ ಪರೀಕ್ಷಿಸಿ. ಕಚ್ಚಿಸಿ ತೊಳೆದ ತುಂಡನ್ನು ಎರಡು ಭಾಗ ಮಾಡಿ. ಒಂದು ಭಾಗಕ್ಕೆ ಬಿಳಿ ಹತ್ತಿ ಬಟ್ಟೆ ಹೊಲಿದು, ನೀವು ಮಾಮೂಲಾಗಿ ಬಳಸುವ ಸೋಪಿನಲ್ಲಿ ಬಿಸಿನೀರಿಗೆ ಹಾಕಿ ಒಗೆದು, ಬಿಳಿ ಬಟ್ಟೆಗೆ ಎಷ್ಟು ಬಣ್ಣ ಹತ್ತಿದೆ ನೋಡಿ. ಮಿಕ್ಕ ಭಾಗದ ಜೊತೆ ಪಕ್ಕಪಕ್ಕ ಇಟ್ಟರೆ ಎಷ್ಟು ಮಾಸಿದೆ ಎಂಬುದೂ ಕಾಣುತ್ತದೆ. ಒಣ ಬಿಳಿ ಬಟ್ಟೆಯಿಂದ ಹತ್ತು ಸಲ, ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿ. ಪಿಗ್ಮೆಂಟಿನ ಬಂಡವಾಳ ಬಯಲಾಗುವುದು ಒದ್ದೆ ಉಜ್ಜಿನಲ್ಲಿ. ಇನ್ನೊಂದು ತುಂಡಿನ ಅರ್ಧಕ್ಕೆ ದಪ್ಪ ಕಾಗದ ಮುಚ್ಚಿ ಎರಡು ವಾರ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ.

ಪ್ರಯೋಗಾಲಯಗಳು ಮಾಡುವುದೂ ಇದೇ ಪರೀಕ್ಷೆ, ಅಳತೆ ಮಾತ್ರ ಕಟ್ಟುನಿಟ್ಟು. ಬಟ್ಟೆಯ ಬಣ್ಣದ ಗಟ್ಟಿತನ ಅಳೆಯುವ ಐಎಸ್‌ಒ 105 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಗೆತಕ್ಕೂ ಉಜ್ಜಿಗೂ 1ರಿಂದ 5ರ ತನಕ ಅಂಕ, ಬೆಳಕಿಗೆ 1ರಿಂದ 8ರ ತನಕ. ಅಂಕ ಜಾಸ್ತಿಯಾದಷ್ಟೂ ಬಣ್ಣ ಗಟ್ಟಿ. ಅಚ್ಚು ಹಾಕಿದ ಬಟ್ಟೆಯನ್ನು ಸಗಟಾಗಿ ಕೊಳ್ಳುವವರು ಒದ್ದೆ ಉಜ್ಜಿನ ಅಂಕವನ್ನು ಪ್ರತ್ಯೇಕವಾಗಿ ಕೇಳಿ. ಕಡು ಬಣ್ಣಗಳಲ್ಲಿ ಒಗೆತದ ಅಂಕ ಚೆನ್ನಾಗಿದ್ದರೂ ಈ ಅಂಕ ಕೆಳಗಿರುವುದುಂಟು. ಅಂಥ ಬಟ್ಟೆಯನ್ನು ತಿಳಿ ಬಣ್ಣದ ಅಸ್ತರಿಗೆ ಹೊಲಿದರೆ ಬೆವರಿಗೆ ಬಣ್ಣ ಅಸ್ತರಿಗೆ ಇಳಿಯುತ್ತದೆ.